ತೂಕಡಿಕೆ

ಅರಕಲಗೂಡು
18 ಜೂನ್ 2024

ಭೀಮ,

ನಾನು ನರ್ಸಿಂಗ್ ಓದುವಾಗ ಹಾಸ್ಟೆಲಿನಿಂದ ನಿನಗೆ ಬರೆದದ್ದೇ ಕೊನೆ. ಇಪ್ಪತ್ತು ವರ್ಷವಾಯಿತೇನೋ. ಫೋನಿರುವಾಗ ಅಕ್ಕನಿಗೆ ಇದೇನು ಬಂತು ಎಂದುಕೊಳ್ಳಬೇಡ. ಫೋನಿನಲ್ಲಿ ಮೂರು ಸಲ ಹೇಳಲು ನೋಡಿದೆ. ಮೂರು ಸಲವೂ ನೀನು 'ಊ ಕಣಕ್ಕ, ನೋಡಾನ ಬುಡು' ಎಂದು ನಕ್ಕು ಅವ್ವನ ಕೈಗೆ ಫೋನ್ ಕೊಟ್ಟುಬಿಟ್ಟೆ. ಮನೆಗೆ ಬರೆದರೆ ಗಂಡನ ಕಾಗದವೆಂದು ಅನುಶ್ರೀ ಒಡೆದು ಅವ್ವನಿಗೆ ಓದಿ ಹೇಳುತ್ತಾಳೆ. ಅದಕ್ಕೇ ಹಾಸನದಲ್ಲಿ ನೀನು ಬಸ್ ನಿಲ್ಲಿಸುವ ಶೆಡ್ಡಿನ ವಿಳಾಸ ಹಾಕಿದ್ದೇನೆ.

ಎರಡು ವಾರದ ಹಿಂದೆ ಭಾನುವಾರ ಹೊಳೆನರಸೀಪುರಕ್ಕೆ ಬಂದಿದ್ದೆನಲ್ಲ. ಉಂಡಮೇಲೆ ನೀನು ನಡುಮನೆಯಲ್ಲಿ ಚಾಪೆ ಹಾಕಿಕೊಂಡು ಮಲಗಿದೆ. ನಾನು ಅವ್ವನ ಜೊತೆ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದೆ. ನಿನ್ನ ಗೊರಕೆ ಬೀದಿಗೆ ಕೇಳುತ್ತಿತ್ತು. ಇದ್ದಕ್ಕಿದ್ದಂತೆ ನಿಂತಿತು. ಮಗ್ಗುಲಾದೆಯೇನೋ ಎಂದು ತಿರುಗಿದರೆ ನೀನು ಅಂಗಾತನೇ ಇದ್ದೆ. ಎದೆ ಏಳುತ್ತಿತ್ತು, ಇಳಿಯುತ್ತಿತ್ತು, ಉಸಿರು ಮಾತ್ರ ಇರಲಿಲ್ಲ. ಗಡಿಯಾರ ನೋಡಿದೆ. ಇಪ್ಪತ್ತಾರು ಸೆಕೆಂಡು. ಆಮೇಲೆ ನೀರಿನಿಂದ ಎತ್ತಿಹಾಕಿದವನ ಹಾಗೆ ಒಮ್ಮೆಲೇ ಉಸಿರೆಳೆದುಕೊಂಡೆ. ಹತ್ತು ನಿಮಿಷದಲ್ಲಿ ಏಳು ಸಲ ಹೀಗಾಯಿತು. ಅವ್ವ ತಲೆ ಎತ್ತದೆ, 'ಎಂಗ್ ನಿದ್ದೆ ಒಡೀತವ್ನೆ ನೋಡು, ಗೇದು ಸುಸ್ತಾಗವ್ನೆ' ಅಂದಳು.

ಅದು ನಿದ್ದೆಯಲ್ಲ ಭೀಮ. ಮೈ ಬಹಳ ದಪ್ಪವಾದವರಿಗೆ ಗಂಟಲ ಸುತ್ತ ಕೊಬ್ಬು ಸೇರುತ್ತದೆ. ಮಲಗಿದಾಗ ಅದು ಉಸಿರಿನ ದಾರಿಯನ್ನು ಒತ್ತುತ್ತದೆ. ಮೆದುಳು ಗಾಬರಿಯಾಗಿ ಎಬ್ಬಿಸುತ್ತದೆ, ನಿನಗೆ ಎಚ್ಚರವಾದದ್ದೂ ಗೊತ್ತಾಗುವುದಿಲ್ಲ. ಎಂಟು ಗಂಟೆ ಮಲಗಿದರೂ ನೀನು ನಿದ್ದೆ ಮಾಡಿರುವುದಿಲ್ಲ.

ಬಿ.ಪಿ., ಶುಗರ್ ನೋಡಿಸಿಕೊ. ಇನ್ನೊಂದನ್ನು ನಿಜ ಹೇಳು. ಗಾಡಿ ಓಡಿಸುವಾಗ ಯಾವತ್ತಾದರೂ ಕಣ್ಣು ಮುಚ್ಚಿಕೊಂಡಿದೆಯೇ?

ಉತ್ತರಕ್ಕೆ ಕಾದಿರುತ್ತೇನೆ.
ಶಾಂತಿ


ಹಾಸನ
9 ಜುಲೈ 2024

ಅಕ್ಕ,

ನಿನ್ನ ಕಾಗದ ತಂದ ಪೋಸ್ಟ್‌ಮ್ಯಾನ್ ನನ್ನನ್ನು ಒಂದು ಥರ ನೋಡಿದ. ಶೆಡ್ಡಿಗೆ ಇದುವರೆಗೆ ಬಂದದ್ದು ಆರ್.ಟಿ.ಓ. ನೋಟೀಸು ಮಾತ್ರ.

ನೀನು ನರ್ಸು, ನಿನಗೆ ಎಲ್ಲರೂ ರೋಗಿಗಳಾಗಿ ಕಾಣುತ್ತಾರೆ. ನಾನು ಚೆನ್ನಾಗೇ ಇದ್ದೇನೆ. ನನ್ನ ದಿನ ಹೇಗೆ ಹೋಗುತ್ತದೆಂದು ಹೇಳುತ್ತೇನೆ, ನೀನೇ ಹೇಳು ಎಲ್ಲಿ ತಪ್ಪಿದೆ ಅಂತ. ನಾಲ್ಕೂವರೆಗೆ ಏಳುತ್ತೇನೆ. ಐದೂಮುಕ್ಕಾಲಿಗೆ ಹೊಳೆನರಸೀಪುರ ಬಿಟ್ಟು, ಹಳ್ಳಿಗಳ ಮೇಲೆ ಬಳಸಿಕೊಂಡು ಐವತ್ತನಾಲ್ಕು ಹೆಂಗಸರನ್ನು ಹತ್ತಿಸಿಕೊಂಡು ಎಂಟಕ್ಕೆ ಗಾರ್ಮೆಂಟ್ಸ್ ಗೇಟಿಗೆ ಬಿಡಬೇಕು. ಅನುಶ್ರೀಯೂ ಅದೇ ಗಾಡಿಯಲ್ಲಿ, ಅದೇ ಫ್ಯಾಕ್ಟರಿಗೆ. ಆಮೇಲೆ ಸಂಜೆ ಐದೂವರೆಯ ತನಕ ಗಾಡಿ ಬಿಟ್ಟು ಹೋಗುವ ಹಾಗಿಲ್ಲ, ಓನರ್ ರೂಲ್ಸು. ಬೂವನಹಳ್ಳಿ ಕಡೆಯ ಬಯಲಲ್ಲಿ ತಗಡಿನ ಶೆಡ್ಡು, ಒಂದು ಮರವೂ ಇಲ್ಲ. ತಳ್ಳುಗಾಡಿಯ ರೈಸ್‌ಬಾತು, ಬೋಂಡ. ಐದಾರು ಟೀ. ಇಸ್ಪೀಟು. ಹಿಂದಿನ ಸೀಟಲ್ಲಿ ಮಲಗುವುದು. ನೀನು ಹೋದ ವರ್ಷ ಹೇಳಿದ್ದಕ್ಕೆ ಒಂದು ದಿನ ವಾಕಿಂಗ್ ಅಂತ ರೋಡಿಗೆ ಇಳಿದೆ. ಟಿಪ್ಪರ್ ಗಾಳಿಗೆ ಹಳ್ಳಕ್ಕೆ ಬೀಳುವುದೊಂದು ಬಾಕಿ. ಮನೆ ಸೇರುವಾಗ ಎಂಟು. ಅವ್ವ ಎರಡು ಮುದ್ದೆ ಇಕ್ಕಿ ಕಾದಿರುತ್ತಾಳೆ, ಮೇಲೆ ಅನ್ನ. ಬೇಡ ಅಂದರೆ ಅವಳ ಮುಖ ನೋಡಬೇಕು ನೀನು.

ಏಪ್ರಿಲ್‌ನಲ್ಲಿ ಡ್ರೈವರ್‌ಗಳಿಗೆಲ್ಲ ಆರೋಗ್ಯ ಕ್ಯಾಂಪ್ ಮಾಡಿದ್ದರು. ತೂಕದ ಯಂತ್ರ ಹತ್ತಿದೆ, ನೂರ ಇಪ್ಪತ್ತೊಂದು ತೋರಿಸಿತು. ಬರೆದುಕೊಳ್ಳುತ್ತಿದ್ದವನು ಹೆಸರು ಕೇಳಿ, 'ಸರಿಯಾಗೇ ಇಟ್ಟವ್ರೆ, ಗದೆ ಎಲ್ಲಿ ಬುಟ್ಟು ಬಂದೆ?' ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅಪ್ಪ ಇಟ್ಟದ್ದು ಬಾಬಾಸಾಹೇಬರ ಹೆಸರು ಎಂದು ಅವನಿಗೆ ಹೇಳಲು ಮನಸ್ಸಾಗಲಿಲ್ಲ. ಪರೀಕ್ಷೆಗೆ ರಕ್ತ ಕೊಡದೆ ಬಂದುಬಿಟ್ಟೆ.

ಅಪ್ಪನ ಪಕ್ಕೆಲುಬುಗಳು ನಿನಗೆ ನೆನಪಿರಬೇಕು. ಶುಂಠಿ ಹೊಲದಿಂದ ಬಂದು ಅಂಗಿ ಬಿಚ್ಚಿದರೆ ಒಂದೊಂದೂ ಕಾಣುತ್ತಿತ್ತು. ನಾನು ಹಾಗಿಲ್ಲ ಎನ್ನುವುದೇ ಅವ್ವನಿಗೆ ಸಮಾಧಾನ. ಅದನ್ನೂ ಕಿತ್ತುಕೊಳ್ಳಬೇಡ.

ನಿನ್ನ ತಮ್ಮ
ಭೀಮ


ಅರಕಲಗೂಡು
20 ಜುಲೈ 2024

ಭೀಮ,

ಮೂರು ಪುಟ ಬರೆದಿದ್ದೀಯ. ನಾನು ಕೇಳಿದ ಒಂದು ಪ್ರಶ್ನೆಗೆ ಉತ್ತರವಿಲ್ಲ.

ಅಪ್ಪನನ್ನು ನಾನೇಕೆ ಮರೆಯಲಿ. ದ್ಯಾವಯ್ಯನ ಮಕ್ಕಳು ಹಸಿದುಕೊಂಡು ಸ್ಕೂಲಿಗೆ ಬರುತ್ತಾರೆ ಎಂದು ಮೇಷ್ಟ್ರು ಹೇಳುತ್ತಿದ್ದದ್ದೂ ನೆನಪಿದೆ. ಹಸಿವಿನಿಂದ ಬಂದ ಮೈಗೆ ಸಿಕ್ಕಿದ್ದನ್ನೆಲ್ಲ ಕೂಡಿಡುವುದು ಗೊತ್ತು, ಬಿಡುವುದು ಗೊತ್ತಿಲ್ಲ. ನಮ್ಮ ಆರೋಗ್ಯ ಕೇಂದ್ರಕ್ಕೆ ಬರುವವರಲ್ಲಿ ದಿನಾ ಇದನ್ನೇ ನೋಡುತ್ತೇನೆ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಕೂಲಿ ಮಾಡುವ ಹೆಂಗಸರು, ಬೆಳಿಗ್ಗೆ ಬನ್ನು ಟೀ, ಮಧ್ಯಾಹ್ನ ರೇಷನ್ ಅಕ್ಕಿಯ ಅನ್ನ, ತೆಳು ಸಾರು. ಸೊಪ್ಪು, ಕಾಳು, ಮೊಟ್ಟೆ ಮನೆಯ ಗಂಡಸರ ತಟ್ಟೆಗೆ. ಹೊಟ್ಟೆ ಮುಂದೆ ಬಂದಿದೆ, ರಕ್ತ ಇಲ್ಲ. 'ಚೆನ್ನಾಗ್ ಆಗಿದ್ದೀಯ' ಅನ್ನುತ್ತಾರೆ ನೆಂಟರು. ನನ್ನದನ್ನೇ ಹೇಳುತ್ತೇನೆ. ಊರವರ ಸೊಂಟ ಅಳೆಯುವ ಟೇಪಿನಿಂದ ಮೊನ್ನೆ ಬಾಗಿಲು ಹಾಕಿಕೊಂಡು ನನ್ನದು ಅಳೆದುಕೊಂಡೆ. ತೊಂಬತ್ತಾರು ಸೆಂಟಿಮೀಟರು. ಶುಗರ್ ಅಂಚಿಗೆ ಬಂದಿದೆ. ಇದನ್ನು ಯಾರಿಗೂ ಹೇಳಿಲ್ಲ.

ನಾನು ಬೈಯಲು ಬರೆಯುತ್ತಿಲ್ಲ. ನನಗೆ ಭಯವಾಗಿದೆ. ಇಪ್ಪತ್ತಾರು ಸೆಕೆಂಡಿನಲ್ಲಿ ನಿನ್ನ ಬಸ್ಸು ಎಷ್ಟು ದೂರ ಹೋಗುತ್ತದೆ ಎಂದು ಲೆಕ್ಕ ಹಾಕಿ ನೋಡಿದೆ. ನಿನಗೆ ಹೇಳುವುದಿಲ್ಲ.

ಅದೊಂದಕ್ಕೆ ಉತ್ತರ ಬರೆ.
ಶಾಂತಿ


ಹಾಸನ
27 ಆಗಸ್ಟ್ 2024

ಅಕ್ಕ,

ಇದನ್ನು ಓದಿ ಹರಿದುಹಾಕು.

ಆಗಿದೆ. ಒಂದು ಸಲ ಅಲ್ಲ. ಎರಡು ವರ್ಷದಿಂದ ಆಗುತ್ತಿದೆ. ಮೊದಮೊದಲು ಸಂಜೆ ಬರುವಾಗ ಮಾತ್ರ. ಈಗ ಬೆಳಿಗ್ಗೆಯೂ. ಬಾಯಲ್ಲಿ ಹಸಿಮೆಣಸಿನಕಾಯಿ ಇಟ್ಟುಕೊಳ್ಳುತ್ತೇನೆ. ಒದ್ದೆ ಟವೆಲ್ಲು ಕತ್ತಿಗೆ. ತೊಡೆ ಚಿವುಟಿಕೊಂಡು ಕಪ್ಪಾಗಿದೆ. ಒಂದು ಊರು ಬಿಟ್ಟದ್ದು ಗೊತ್ತಿರುತ್ತದೆ, ಮುಂದಿನ ಊರು ಬಂದದ್ದು ಗೊತ್ತಿರುತ್ತದೆ, ನಡುವಿನ ರೋಡು ಗೊತ್ತಿರುವುದಿಲ್ಲ. ಯಾರು ಓಡಿಸಿದರು ಅಕ್ಕ ಅಷ್ಟು ದೂರ?

ಹೋದ ಗುರುವಾರ ಬೆಳಿಗ್ಗೆ ಏಳು ಗಂಟೆ ಸುಮಾರಿಗೆ ನಾಲೆ ಏರಿಯ ಮೇಲೆ ಬರುತ್ತಿದ್ದೆ. ನಾಲೆ ತುಂಬಿ ಹರಿಯುತ್ತಿದೆ. ಆ ಕಡೆ ತಡೆಗೋಡೆ ಇಲ್ಲ. ಹೆಂಗಸರು ಕಿರುಚಿದ್ದು ಕೇಳಿತು. ಕಣ್ಣು ಬಿಟ್ಟರೆ ಎಡಗಡೆಯ ಚಕ್ರ ಜಲ್ಲಿಯ ಮೇಲಿತ್ತು, ಮುಂದಿನ ಗಾಜಿನ ತುಂಬ ನೀರೇ ಕಾಣುತ್ತಿತ್ತು. ಹೇಗೆ ತಿರುಗಿಸಿದೆನೋ ಗೊತ್ತಿಲ್ಲ. ನಿಲ್ಲಿಸಿದೆ. ಕೈ ಸ್ಟೀರಿಂಗ್ ಬಿಡಲಿಲ್ಲ.

'ನಾಯಿ ಅಡ್ಡ ಬಂತು' ಅಂದೆ.

ಎಲ್ಲರೂ ನಂಬಿದರು. ಮೇಘಶ್ರೀ ಅಂತ ಒಬ್ಬಳು ಹುಡುಗಿ, ಆ ನಾಲೆ ಊರಿನಲ್ಲೇ ಹತ್ತುವವಳು, ನೀರಿನ ಬಾಟಲಿ ಕೊಟ್ಟು, 'ನೀವ್ ಇದ್ದುದ್ಕೆ ಉಳ್ಕೊಂಡೊ ಕಣಣ್ಣ' ಅಂದಳು. ಅನುಶ್ರೀ ನಾಲ್ಕನೇ ಸೀಟಿನಲ್ಲಿದ್ದಳು. ಅವಳು ನನ್ನನ್ನು ನೋಡಲಿಲ್ಲ, ಕಿಟಕಿಯಿಂದ ರಸ್ತೆಯನ್ನೇ ನೋಡುತ್ತಿದ್ದಳು. ಹಿಂದಕ್ಕೂ ಮುಂದಕ್ಕೂ ರಸ್ತೆ ಖಾಲಿ ಇತ್ತು. ಇವತ್ತಿನವರೆಗೆ ಏನೂ ಕೇಳಿಲ್ಲ ಅವಳು.

ಓನರಿಗೆ ಗೊತ್ತಾದರೆ ಮುಗಿಯಿತು. ನನಗೆ ಈ ಒಂದು ಕೆಲಸ ಬಿಟ್ಟರೆ ಬೇರೆ ಬರುವುದಿಲ್ಲ.

ಭೀಮ


ಅರಕಲಗೂಡು
29 ಆಗಸ್ಟ್ 2024

ಭೀಮ,

ಇದು ಕೈಗೆ ಸಿಕ್ಕಮೇಲೆ ಗಾಡಿ ತೆಗೆಯಬೇಡ. ಹೊಟ್ಟೆನೋವು ಅನ್ನು, ಅಕ್ಕನಿಗೆ ಸೀರಿಯಸ್ ಅನ್ನು, ಏನು ಬೇಕಾದರೂ ಅನ್ನು.

ಹಾಸನದ ಆಸ್ಪತ್ರೆಯಲ್ಲಿ ಶ್ವಾಸಕೋಶದ ಡಾಕ್ಟರ ಹತ್ತಿರ ಮಾತಾಡಿದ್ದೇನೆ. ಗುರುವಾರ, ಐದನೇ ತಾರೀಕು, ಹತ್ತು ಗಂಟೆಗೆ. ನಾನು ಗೇಟಿನಲ್ಲಿ ನಿಂತಿರುತ್ತೇನೆ. ಇದಕ್ಕೆ ಪರೀಕ್ಷೆ ಇದೆ, ಮುಖಕ್ಕೆ ಹಾಕಿಕೊಂಡು ಮಲಗುವ ಯಂತ್ರ ಇದೆ. ವಾಸಿಯಾಗದ ಕಾಯಿಲೆ ಅಲ್ಲ.

ನೀನು ಬರದಿದ್ದರೆ ನಾನು ಸುಮ್ಮನಿರುವುದಿಲ್ಲ. ಇದನ್ನು ಬೆದರಿಕೆ ಎಂದುಕೊಂಡರೂ ಸರಿ.

ಶಾಂತಿ


ಹಾಸನ
10 ಸೆಪ್ಟೆಂಬರ್ 2024

ಅಕ್ಕ,

ನೀನು ಗೇಟಿನಲ್ಲಿ ಮೂರು ಗಂಟೆ ನಿಂತಿದ್ದೆಯಂತೆ. ನಾನು ಬರಲಿಲ್ಲ. ನಿನ್ನದು ಸರ್ಕಾರಿ ಕೆಲಸ, ರಜೆ ಚೀಟಿ ಬರೆದುಕೊಟ್ಟರೆ ಆಯಿತು. ನಾನು ಒಂದು ದಿನ ಬರದಿದ್ದರೆ ಆ ಸೀಟಿಗೆ ಇನ್ನೊಬ್ಬ ಬಂದು ಕೂರುತ್ತಾನೆ, ಆಮೇಲೆ ಏಳುವುದಿಲ್ಲ.

ಒಂದು ದಾರಿ ಸಿಕ್ಕಿದೆ. ಅನುಶ್ರೀ ಈಗ ನನ್ನ ಪಕ್ಕ ಇಂಜಿನ್ ಮೇಲಿನ ಬಾನೆಟ್ಟಿನಲ್ಲಿ ಕೂರುತ್ತಾಳೆ. ನಾನು ಕರೆಯಲಿಲ್ಲ, ಅವಳೇ ಬಂದು ಕೂತಳು. 'ಇಂದೆ ಕುಂತ್ರೆ ವಾಂತಿ ಬತ್ತದೆ' ಅಂದಳು ಬೇರೆಯವರಿಗೆ. ದಾರಿಯುದ್ದಕ್ಕೂ ಏನಾದರೂ ಮಾತಾಡುತ್ತಿರುತ್ತಾಳೆ. ಅವಳು ಮನೆಯಲ್ಲಿ ಅಷ್ಟು ಮಾತಾಡುವವಳೇ ಅಲ್ಲ.

ಇಷ್ಟು ಸಾಕು. ಇನ್ನು ಇದನ್ನು ಬಿಟ್ಟುಬಿಡು.

ಭೀಮ


ಹೊಳೆನರಸೀಪುರ
6 ಅಕ್ಟೋಬರ್ 2024

ಅತ್ತಿಗೆಯವರಿಗೆ ಅನುಶ್ರೀ ಮಾಡುವ ನಮಸ್ಕಾರ.

ನಿಮ್ಮ ಕಾಗದಗಳು ಬಸ್ಸಿನ ಟೂಲ್ ಬಾಕ್ಸಿನಲ್ಲಿದ್ದವು. ಓದಿದ್ದೇನೆ, ಕ್ಷಮಿಸಿ. ಓದುವ ಮೊದಲೇ ನನಗೆ ಗೊತ್ತಿತ್ತು. ರಾತ್ರಿ ಅವರ ಉಸಿರು ನಿಂತಾಗೆಲ್ಲ ಭುಜ ಅಲ್ಲಾಡಿಸಿ ಮತ್ತೆ ಬರುವತನಕ ಕಾಯುತ್ತೇನೆ. ಬೆಳಿಗ್ಗೆ ಬಾನೆಟ್ಟಿನ ಮೇಲೆ ಕೂತು ಅವರ ಕಣ್ಣನ್ನೇ ನೋಡುತ್ತೇನೆ. ಫ್ಯಾಕ್ಟರಿಯಲ್ಲಿ ಒಂಬತ್ತು ಗಂಟೆ ಮಿಷನ್ ಮುಂದೆ ಕೂತಾಗ ನನಗೇ ತೂಕಡಿಕೆ ಬರುತ್ತದೆ, ಮೊನ್ನೆ ಸೂಜಿ ಬೆರಳಿಗೆ ಹೋಯಿತು.

ಮಾತಾಡಿಸಿದರೆ ನಿದ್ದೆ ಬರುವುದಿಲ್ಲ ಎಂದು ಅವರು ಬರೆದಿರಬೇಕು. ಅದು ಸುಳ್ಳು. ನಾನು ಮಾತಾಡುತ್ತಿರುವಾಗಲೇ, 'ಊ' ಅನ್ನುತ್ತಲೇ ಕಣ್ಣು ಹೋಗುತ್ತದೆ. ಕಣ್ಣು ತೆರೆದೇ ಇರುತ್ತದೆ ಅತ್ತಿಗೆ, ಒಳಗೆ ಅವರು ಇರುವುದಿಲ್ಲ. ನಾನು ಅವರ ಕಾಲು ತುಳಿಯುತ್ತೇನೆ.

ಹೋದ ವಾರ ನನಗೆ ಜ್ವರ ಬಂದು ಎರಡು ದಿನ ಹೋಗಲಿಲ್ಲ. ಅವರೊಬ್ಬರೇ ಹೋದರು. ಎಂಟೂ ಕಾಲಿಗೆ ಮೇಘಶ್ರೀಯ ಮೆಸೇಜ್ ಬರುವವರೆಗೆ ನಾನು ಹೊಸಲು ಬಿಟ್ಟು ಏಳಲಿಲ್ಲ. ಆ ಐವತ್ತಮೂರು ಜನರಲ್ಲಿ ಯಾರ ಮಗು ಯಾವ ಕ್ಲಾಸು ಎಂದು ನನಗೆ ಗೊತ್ತು. ಅದೊಂದು ಗೊತ್ತಿರಬಾರದಿತ್ತು.

ಊಟ ಕಡಿಮೆ ಮಾಡೋಣ ಎಂದು ಮುದ್ದೆ ಒಂದೇ ಇಕ್ಕಿದೆ ಒಂದು ದಿನ. ಅತ್ತೆ ನನ್ನ ಕೈ ಹಿಡಿದುಕೊಂಡು, 'ಉಣ್ಣಾಕಿಲ್ದೆ ಸತ್ತೋನ ಮಗ ಕಣವ್ವ ಅವ್ನು. ಅವನ್ ತಟ್ಟೆಗೆ ಕೈ ಅಡ್ಡ ಇಕ್ಕಬ್ಯಾಡ' ಅಂದರು. ಅವರು ಅಳುತ್ತಿದ್ದರು. ನಾನು ಇನ್ನೊಂದು ಮುದ್ದೆ ಇಕ್ಕಿದೆ. ಬೆಳಿಗ್ಗೆ ನಡೆಯೋಣ ಎಂದರೆ ನಾಲ್ಕೂವರೆಗೆ ಮೊದಲು ಎದ್ದು ಎಲ್ಲಿಗೆ ಹೋಗುವುದು? ಭಾನುವಾರ ನಾನು ಹೊಳೆ ಕಡೆಗೆ ನಡೆದು ಬಂದರೆ ಬೀದಿಯವರು, 'ಏನವ್ವ, ಆಪೀಸರ್ ಆಗ್ಬುಟ್ಯಾ?' ಅಂತಾರೆ.

ನಾನು ಯಾರಿಗಾದರೂ ಹೇಳಿದರೆ ಅವರು ನನ್ನ ಮುಖ ನೋಡುವುದಿಲ್ಲ. ನೀವು ಒಡಹುಟ್ಟಿದವರು. ಓನರ್ ಬಸವರಾಜು ಅಂತ, ಚನ್ನರಾಯಪಟ್ಟಣದಲ್ಲಿರುವುದು. ವಿಳಾಸ ಹಿಂದಿನ ಪುಟದಲ್ಲಿದೆ.

ಇಂತಿ
ಅನುಶ್ರೀ


ಅರಕಲಗೂಡು
9 ಅಕ್ಟೋಬರ್ 2024

ಶ್ರೀ ಬಸವರಾಜು ಅವರಿಗೆ,
ಚನ್ನರಾಯಪಟ್ಟಣ

ಮಾನ್ಯರೇ,

ತಮ್ಮ ಹೊಳೆನರಸೀಪುರ ಮಾರ್ಗದ ಬಸ್ ಚಾಲಕ ಭೀಮ ಅವರಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ ಇರುವ ಲಕ್ಷಣಗಳಿವೆ. ಇದರಿಂದ ಅವರು ಬಸ್ ಓಡಿಸುವಾಗ ತಮಗೆ ತಿಳಿಯದಂತೆ ನಿದ್ದೆಗೆ ಹೋಗುತ್ತಿದ್ದಾರೆ. ಆಗಸ್ಟ್ ತಿಂಗಳಲ್ಲಿ ನಾಲೆ ಏರಿಯ ಮೇಲೆ ಬಸ್ಸು ಅಪಘಾತದಿಂದ ಸ್ವಲ್ಪದರಲ್ಲಿ ಪಾರಾಗಿದೆ. ಅಂದು ನಾಯಿ ಅಡ್ಡ ಬಂದಿರಲಿಲ್ಲ.

ಪರೀಕ್ಷೆ ಮತ್ತು ಚಿಕಿತ್ಸೆ ಆಗುವವರೆಗೆ ಅವರಿಗೆ ಬಸ್ ಕೊಡಬಾರದೆಂದು ಕೇಳಿಕೊಳ್ಳುತ್ತೇನೆ. ಇದು ಅವರ ತಪ್ಪಿನಿಂದ ಆದದ್ದಲ್ಲ. ದಿನಕ್ಕೆ ಹದಿನಾಲ್ಕು ಗಂಟೆ ಗಾಡಿಯಲ್ಲೋ ತಗಡಿನ ಕೆಳಗೋ ಕೂತಿರುವ ಯಾರಿಗಾದರೂ ಆಗಬಹುದು. ಅವರನ್ನು ಕೆಲಸದಿಂದ ತೆಗೆಯದೆ ಬೇರೆ ಕೆಲಸ ಕೊಡಬೇಕೆಂದು ವಿನಂತಿ.

ಈ ವಿಷಯ ತಿಳಿಸಿದವಳು ನಾನೇ ಎಂದು ಅವರಿಗೆ ಹೇಳಬಹುದು. ನಾನು ಅವರ ಅಕ್ಕ.

ತಮ್ಮ ವಿಶ್ವಾಸಿ
ಡಿ. ಶಾಂತಿ, ಶುಶ್ರೂಷಕಿ


ಹೊಳೆನರಸೀಪುರ
17 ಅಕ್ಟೋಬರ್ 2024

ಶಾಂತಿಯವರಿಗೆ,

ಕೀ ಕಿತ್ತುಕೊಂಡರು. ಗಾಡಿ ತೊಳೆದುಕೊಂಡಿರು ಅಂದರು. ಶೆಡ್ಡಿನ ಡ್ರೈವರ್‌ಗಳನ್ನೆಲ್ಲ ತೂಕಕ್ಕೆ ಹತ್ತಿಸುತ್ತಾರಂತೆ, ಈಗ ಯಾರೂ ನನ್ನ ಜೊತೆ ಮಾತಾಡುವುದಿಲ್ಲ. ನಿಮಗೆ ನೆಮ್ಮದಿಯಾಗಿರಬೇಕು.

ಇನ್ನು ಬರೆಯಬೇಡಿ.

ಭೀಮ


ಹೊಳೆನರಸೀಪುರ
29 ನವೆಂಬರ್ 2024

ಅತ್ತಿಗೆ,

ನಿಮ್ಮ ಫೋನ್ ಎತ್ತಬೇಡ ಎಂದು ಅವರು ಆಣೆ ಹಾಕಿಸಿಕೊಂಡಿದ್ದಾರೆ. ಕಾಗದ ಬರೆಯಬೇಡ ಎಂದು ಹಾಕಿಸಿಕೊಂಡಿಲ್ಲ.

ಒಂದು ತಿಂಗಳು ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಅವರು ಶೆಡ್ಡಿಗೆ ಹೋಗಿ ಗಾಡಿ ತೊಳೆದು ಬರುತ್ತಿದ್ದರು. ನಾನೇ ನಿಮಗೆ ಹೇಳಿದೆನೇ ಎಂದು ಕೇಳಲಿಲ್ಲ, ಆದರೆ ಅವರಿಗೆ ಗೊತ್ತು. ಅತ್ತೆ ನಿಮ್ಮ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದರು.

ಹದಿನೇಳನೇ ತಾರೀಕು ಭಾನುವಾರ ಮಧ್ಯಾಹ್ನ ಅವರು ಮಲಗಿದ್ದರು, ಮಗಳು ಅಪ್ಪನ ಹೊಟ್ಟೆಗೆ ಒರಗಿಕೊಂಡು ಬಣ್ಣ ತುಂಬುತ್ತಿದ್ದಳು. ನಾನು ಬಟ್ಟೆ ಒಗೆಯುತ್ತಿದ್ದೆ. ಅವಳು ಕಿರುಚಿದ್ದು ಕೇಳಿ ಓಡಿಬಂದೆ. ಎರಡು ಕೈಯಲ್ಲೂ ಅಪ್ಪನ ಕೆನ್ನೆಗೆ ಹೊಡೆಯುತ್ತಿದ್ದಳು. 'ಉಸ್ರು ಬುಡ್ತಿಲ್ಲ ಕಣಮ್ಮ, ಅಪ್ಪ ಉಸ್ರು ಬುಡ್ತಿಲ್ಲ.' ಅವರ ತುಟಿ ನೀಲಿಯಾಗಿತ್ತು. ಆಮೇಲೆ ಉಸಿರು ಬಂತು, ಕಣ್ಣು ಬಿಟ್ಟರು, ಎದುರಿಗೆ ಮಗುವಿನ ಮುಖ ನೋಡಿದರು. ಅತ್ತೆ ಬಾಗಿಲಲ್ಲಿ ನಿಂತಿದ್ದರು. 'ನಾನು ನಿದ್ದೆ ಅನ್ಕಂಡಿದ್ದೆ' ಅಂದರು. ಅದನ್ನೇ ಐದಾರು ಸಲ ಹೇಳಿದರು.

ಮಾರನೇ ದಿನ ಅವರೇ ಅಂಗಿ ಹಾಕಿಕೊಂಡು, 'ಆ ಡಾಕ್ಟರ ಹೆಸರೇನು?' ಅಂತ ಕೇಳಿದರು. ಮೈತುಂಬ ವೈರು ಅಂಟಿಸಿ ಒಂದು ರಾತ್ರಿ ಮಲಗಿಸಿ ನೋಡಿದರು. ಗಂಟೆಗೆ ಅರವತ್ತೆರಡು ಸಲ ಉಸಿರು ನಿಲ್ಲುತ್ತದಂತೆ. ಶುಗರ್ ಕೂಡ ಇದೆ. ಡಾಕ್ಟರು ಕೇಳಿದರು, 'ಏನ್ ಕೆಲ್ಸ ಮಾಡ್ತೀರಿ?' ಇವರು, 'ಗಾಡಿ ತೊಳೀತೀನಿ ಸಾ' ಅಂದರು. 'ಅದಕ್ಕೆ ಮೊದ್ಲು?' ಅಂದರು. ಇವರು ತಲೆ ತಗ್ಗಿಸಿದರು. ಡಾಕ್ಟರು ಪೆನ್ನು ಕೆಳಗಿಟ್ಟರು.

ಡಾಕ್ಟರಿಂದ ತಿಳಿದು ನೀವು ಕಳಿಸಿದ ಯಂತ್ರ ಬಂದು ತಲುಪಿದೆ. ಯಾರು ಕಳಿಸಿದ್ದು ಎಂದು ಅವರು ಕೇಳಲಿಲ್ಲ. ಮೊದಲ ಮೂರು ದಿನ ಕಿತ್ತು ಎಸೆದರು. ನಾಲ್ಕನೇ ದಿನ ಹಾಕಿಕೊಂಡು ಮಲಗಿದರು. ಮನೆಯಲ್ಲಿ ಅಷ್ಟು ನಿಶ್ಶಬ್ದ ನಾನು ಕೇಳಿಯೇ ಇರಲಿಲ್ಲ, ಹೆದರಿ ಎರಡು ಸಲ ಮೂಗಿನ ಹತ್ತಿರ ಕೈ ಹಿಡಿದು ನೋಡಿದೆ.

ಅನುಶ್ರೀ


ಅರಕಲಗೂಡು
12 ಡಿಸೆಂಬರ್ 2024

ಭೀಮ,

ಬರೆಯಬೇಡಿ ಎಂದಿದ್ದೆ. ಇದೊಂದು ಬರೆಯುತ್ತೇನೆ, ಆಮೇಲೆ ನಿನ್ನಿಷ್ಟ.

ಆ ಕಾಗದ ಬರೆದು ಪೋಸ್ಟ್ ಡಬ್ಬಿಗೆ ಹಾಕಿದ ಮೇಲೆ ಕೈ ಒಳಗೆ ತೂರಿಸಿ ವಾಪಸು ತೆಗೆಯಲು ನೋಡಿದೆ. ಸಿಗಲಿಲ್ಲ. ಸಿಕ್ಕಿದ್ದರೆ ಏನು ಮಾಡುತ್ತಿದ್ದೆನೋ ಹೇಳಲಾರೆ. ನಾನು ತಪ್ಪು ಮಾಡಿದೆ ಅನ್ನುವುದಿಲ್ಲ. ನಿನ್ನ ಕೆಲಸ ಹೋಗಬಹುದು ಎಂದು ಗೊತ್ತಿದ್ದೇ ಮಾಡಿದೆ.

ಜೂನ್‌ನಲ್ಲಿ ಮಾಡಬೇಕಾದದ್ದನ್ನು ಅಕ್ಟೋಬರ್‌ನಲ್ಲಿ ಮಾಡಿದೆ. ನನಗೆ ಈಗಲೂ ನಡುರಾತ್ರಿ ಎಚ್ಚರವಾಗುವುದು ಆ ನಾಲ್ಕು ತಿಂಗಳನ್ನು ನೆನೆದು.

ಶಾಂತಿ


ಹೊಳೆನರಸೀಪುರ
16 ಫೆಬ್ರವರಿ 2025

ಅಕ್ಕ,

ಈ ಕಾಗದವನ್ನು ನಾಲ್ಕು ಸಲ ಶುರು ಮಾಡಿ ಬಿಟ್ಟೆ.

ಯಂತ್ರ ಹಾಕಿಕೊಂಡು ಮಲಗಲು ಶುರು ಮಾಡಿ ಮೂರು ತಿಂಗಳಾಗುತ್ತ ಬಂತು. ತೂಕ ನೂರ ಹನ್ನೆರಡು. ಅವ್ವ 'ಮಗ ಒಣಗೋಗ್ತವ್ನೆ' ಎಂದು ಬೀದಿಯಲ್ಲಿ ಹೇಳಿಕೊಂಡು ಅಳುತ್ತಾಳೆ, ಆದರೆ ತಟ್ಟೆಗೆ ಒಂದೇ ಮುದ್ದೆ ಇಕ್ಕುತ್ತಾಳೆ, ಮೇಲೆ ಸೊಪ್ಪು. ಇಕ್ಕುವಾಗ ನನ್ನ ಕಡೆ ನೋಡುವುದಿಲ್ಲ. ಶೆಡ್ಡಿನಲ್ಲಿ ದಿನಕ್ಕೆ ಎಂಟು ಗಾಡಿ ತೊಳೆಯುತ್ತೇನೆ, ಬಕೆಟ್ಟು ಹೊತ್ತು ಓಡಾಡುವುದೇ ನಡಿಗೆ.

ಒಂದು ವಿಷಯ ನಿನಗಲ್ಲದೆ ಯಾರಿಗೂ ಹೇಳಲಾರೆ. ಈಗ ನಿದ್ದೆ ತಿಳಿಯಾಗಿದೆ, ತಲೆಯೊಳಗಿನ ಮಂಜು ಹೋಗಿದೆ. ಭಯ ಹತ್ತಿದ್ದು ಅದಾದ ಮೇಲೆ. ಜನವರಿಯಲ್ಲಿ ಒಂದು ದಿನ ಅದೇ ಬಸ್ಸಿನಲ್ಲಿ ಹಿಂದೆ ಕೂತು ಹೋದೆ. ಈಗ ಅದನ್ನು ಓಡಿಸುವವನು ಸಂಜಯ್. ಆರು ವರ್ಷ ನಾನೇ ಓಡಿಸಿದ ರಸ್ತೆ ಅಕ್ಕ, ಮೊದಲ ಸಲ ನೋಡುತ್ತಿರುವ ಹಾಗಿತ್ತು. ಎಷ್ಟು ತಿರುವುಗಳಿವೆ ಅದರಲ್ಲಿ. ನಾಲೆ ಅಷ್ಟು ಹತ್ತಿರ ಹರಿಯುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ನಡುವೆಯೇ ಇಳಿದುಬಿಟ್ಟೆ. ಹಿಂದಕ್ಕೆ ನಡೆದುಕೊಂಡು ಬಂದೆ.

ಡಾಕ್ಟರು ಈ ತಿಂಗಳ ಮೊದಲಲ್ಲಿ ಮತ್ತೆ ಪರೀಕ್ಷೆ ಮಾಡಿ, ಯಂತ್ರ ಬಿಡದೆ ಹಾಕಿಕೊಂಡರೆ ಗಾಡಿ ಓಡಿಸಬಹುದು ಎಂದು ಬರೆದುಕೊಟ್ಟರು. ಸಂಜಯ್‌ಗೆ ಮೈಸೂರಲ್ಲಿ ಕೆಲಸ ಸಿಕ್ಕಿ ಬಿಟ್ಟ. ಓನರ್ ಕರೆದು ಕೀ ಕೈಗಿಟ್ಟು, 'ಮೊದ್ಲೇ ಏಳ್ಬಾರ್ದಾಗಿತ್ತೇನಯ್ಯ ನಂಗೆ?' ಅಂದರು. ಹೇಳಿದ್ದರೆ ಏನು ಮಾಡುತ್ತಿದ್ದರು ಎಂದು ನಾನು ಕೇಳಲಿಲ್ಲ.

ಕೀ ಹಿಡಿದುಕೊಂಡು ಸಂಜೆ ಫ್ಯಾಕ್ಟರಿ ಗೇಟಿಗೆ ಹೋದೆ. ಎಲ್ಲರೂ ಬಸ್ಸು ಹತ್ತಿ ಕೂತ ಮೇಲೆ ಮುಂದೆ ನಿಂತು ಹೇಳಿದೆ. ಅವತ್ತು ನಾಯಿ ಬಂದಿರಲಿಲ್ಲ, ನಾನು ನಿದ್ದೆ ಹೋಗಿದ್ದೆ, ಅದೊಂದೇ ದಿನ ಅಲ್ಲ, ಎರಡು ವರ್ಷ ಹಾಗೇ ಕರೆದುಕೊಂಡು ಹೋಗಿದ್ದೇನೆ ಅಂತ. ಬೈಯುತ್ತಾರೆ, ಇಳಿದುಹೋಗುತ್ತಾರೆ ಎಂದುಕೊಂಡಿದ್ದೆ. ಯಾರೂ ಅಲ್ಲಾಡಲಿಲ್ಲ. ಆಮೇಲೆ ಮೇಘಶ್ರೀ ಅಂದಳು:

'ನಮ್ಗೆ ಗೊತ್ತಿತ್ತು ಕಣಣ್ಣ.'

'ಗೊತ್ತಿತ್ತಾ?'

'ಕನ್ನಡೀಲಿ ನಿಮ್ ಕಣ್ ಕಾಣ್ತಿತ್ತಲ್ಲ. ದಿನಾ ಒಬ್ಬೊಬ್ರು ಪಾಳಿ ಮೇಲೆ ನೋಡ್ತಿದ್ದೊ. ಈ ಬಸ್ ಬುಟ್ರೆ ಇನ್ನೊಂದ್ ಬಸ್ ಇಲ್ಲ. ಐದ್ ನಿಮ್ಸ ಲೇಟಾದ್ರೆ ಗೇಟ್ ಆಕ್ತಾರೆ. ಏನ್ ಮಾಡ್ಬೇಕಿತ್ತು ನಾವು?'

ಅನುಶ್ರೀ ಬಾನೆಟ್ಟಿನ ಮೇಲೆ ಕೂತು ತಾನೊಬ್ಬಳೇ ಕಾಯುತ್ತಿದ್ದೇನೆ ಎಂದುಕೊಂಡಿದ್ದಳು. ಅವಳು ಹಿಂದೆ ತಿರುಗಿ ಎಲ್ಲರ ಮುಖ ನೋಡಿದಳು. ಐವತ್ತಮೂರು ಜನ ದಿನಾ ಬೆಳಿಗ್ಗೆ ಗೊತ್ತಿದ್ದೇ ಹತ್ತುತ್ತಿದ್ದರು ಅಕ್ಕ. ಟಿಫನ್ ಬಾಕ್ಸು ಹಿಡಿದುಕೊಂಡು, ತಲೆಗೆ ಹೂ ಮುಡಿದುಕೊಂಡು.

ಹಿಂದಿನ ಸೀಟಿನಿಂದ ಗಂಗಾಂಬಿಕೆ ಅಂತ ವಯಸ್ಸಾದವರೊಬ್ಬರು ಅಂದರು, 'ಇನ್ಮೇಲೆ ನಿದ್ದೆ ಬಂದ್ರೆ ನಿಲ್ಸಪ್ಪ. ಒಬ್ಬಳು ಲೇಟಾದ್ರೆ ಆಚೆ ತಳ್ತಾರೆ. ಎಲ್ಲಾರೂ ಒಟ್ಗೆ ಲೇಟಾದ್ರೆ ಮಿಷನ್ ಲೈನ್ ಯಾರ್ ಓಡುಸ್ತಾರೆ, ನೋಡಾನ.'

ಆ ಸಂಜೆ ಶೆಡ್ಡಿನ ಇನ್ನೊಬ್ಬ ಡ್ರೈವರ್ ಓಡಿಸಿದ, ಹೋದ ಸೋಮವಾರ ಬೆಳಿಗ್ಗೆ ನಾನು ಗಾಡಿ ತೆಗೆದೆ. ನಾಲೆ ಏರಿ ಹತ್ತುವ ಹೊತ್ತಿಗೆ ನನ್ನ ರೆಪ್ಪೆ ಭಾರವಾದಂತೆ ಅನ್ನಿಸಿತು. ನಿಜವಾಗಿ ನಿದ್ದೆಯೋ, ನಿದ್ದೆ ಬಂದೀತೆಂಬ ಭಯವೋ, ನನಗೆ ತಿಳಿಯಲಿಲ್ಲ. ತಿಳಿಯುವವರೆಗೆ ಕಾಯಬಾರದು ಎನ್ನಿಸಿತು. ಪಕ್ಕಕ್ಕೆ ತೆಗೆದು ನಿಲ್ಲಿಸಿ, ಕೀ ಕಿತ್ತು ಅನುಶ್ರೀ ಕೈಗೆ ಕೊಟ್ಟೆ.

ಒಬ್ಬೊಬ್ಬರೇ ಇಳಿದು ಏರಿಯ ಉದ್ದಕ್ಕೂ ಸಾಲಾಗಿ ನಿಂತರು. ನಾನು ಮುಖ ತೊಳೆದುಕೊಂಡು ಆ ಸಾಲಿನ ಪಕ್ಕ ಅತ್ತಿಂದಿತ್ತ ನಡೆದೆ. ಬಿಸಿಲು ಆಗಷ್ಟೇ ಬರುತ್ತಿತ್ತು. ಹನ್ನೆರಡು ನಿಮಿಷವಾದ ಮೇಲೆ ಅನುಶ್ರೀ ನನ್ನ ಮುಖವನ್ನು ಹತ್ತಿರದಿಂದ ನೋಡಿ ಕೀ ವಾಪಸು ಕೊಟ್ಟಳು.

ಗೇಟು ಹಾಕಿದ್ದರು. ಐವತ್ತನಾಲ್ಕು ಜನ ಅದರ ಮುಂದೆ ನಿಂತರು, ನಾನು ಬಸ್ಸು ತಿರುಗಿಸದೆ ಅವರ ಹಿಂದೆ ನಿಂತೆ. ಬಹಳ ಹೊತ್ತಾದ ಮೇಲೆ ವಾಚ್‌ಮನ್ ಯಾರಿಗೋ ಫೋನ್ ಮಾಡಿ, ನಮ್ಮ ಕಡೆ ನೋಡದೆ ಗೇಟು ತೆಗೆದ.

ನಿನ್ನ ತಮ್ಮ
ಭೀಮ